ಐದನೆಯ ಕುದುರೆ

ಕಂತು ಹನ್ನೊಂದು

"ಸಹಿ ಹಾಕಲ್ಲ."

"ಮೊದಲು ಓದಿ ನೋಡಮ್ಮ. ಓದದೆ ಬೇಡ ಅಂದ್ರೆ ಹೇಗೆ?"

"ಎರಡು ಸಲ ಓದಿದೆ. ಮೇಲಿರೋ ತಾರೀಕು ಒಂದು ನಿಜ. ಉಳಿದಿದ್ದೆಲ್ಲ ಸುಳ್ಳು. ಹಾಕಲ್ಲ ಅಂದ್ರೆ ಹಾಕಲ್ಲ."

ಉಳಿಯಕ್ಕ ಕ್ಷಮಾಪಣೆಯ ಕಾಗದವನ್ನು ಹಿಂದಕ್ಕೆ ತಳ್ಳಿದಳು. ಅದು ಉದ್ದ ಮೇಜಿನ ಹಸಿರು ಬಟ್ಟೆಯ ಮೇಲೆ ಜಾರಿಕೊಂಡು ಹೋಗಿ ಹರಾಜು ಮನೆಯ ಯಜಮಾನನ ಕಪ್ಪಿಗೆ ಬಡಿದು ನಿಂತಿತು.

ಯಜಮಾನನನ್ನು ಬಜಾರಿನವರೆಲ್ಲ ಕರೆಯುವುದು ಭೂತಗನ್ನಡಿ ಎಂದು. ಕಪ್ಪು ದಾರ ಕಟ್ಟಿದ ಭೂತಗನ್ನಡಿಯೊಂದು ಅವನ ಕುತ್ತಿಗೆಯಲ್ಲಿ ಸದಾ ನೇತಾಡುತ್ತಿರುತ್ತದೆ. ಹೆಂಡತಿ ತಂದ ತರಕಾರಿಯನ್ನೂ ಅದರಲ್ಲಿ ನೋಡಿಯೇ ಒಳಗೆ ಬಿಡುತ್ತಾನೆ ಎಂದು ಜನ ಆಡಿಕೊಳ್ಳುತ್ತಾರೆ. ಸತ್ತುಹೋದ ಹಲ್ಲಿನ ಡಾಕ್ಟರ ಹಳೆಯ ಫ್ರೆಂಚ್ ಚದುರಂಗದಲ್ಲಿ ಹದಿನಾರು ಕಪ್ಪು ಕಾಯಿಗಳು ನಕಲಿ ಎಂದು ಮೊನ್ನೆ ಸಾರಿದವನು ಇವನೇ. ಅದನ್ನು ಕೊನೆಯ ಸಲ ರಿಪೇರಿ ಮಾಡಿದವಳು ಉಳಿಯಕ್ಕ. ಹಾಗಾಗಿ ಗೂಬೆಯನ್ನು ನೇರವಾಗಿ ತಂದು ಅವಳ ತಲೆಯ ಮೇಲೆ ಕೂರಿಸಿದ್ದಾಯಿತು.

"ಅಚಾತುರ್ಯದಿಂದ ಬದಲಾಯ್ತು ಅಂತ ಬರೆದಿದ್ದೀನಿ, ಕಳ್ಳತನ ಅಂತ ಬರೆದಿಲ್ಲ," ಅಂದ ಭೂತಗನ್ನಡಿ, ದನಿಗೆ ಜೇನು ಸವರಿಕೊಂಡು. "ಒಂದು ಸಹಿ. ಪೊಲೀಸ್ ಇಲ್ಲ, ಕೋರ್ಟ್ ಇಲ್ಲ. ಇಲ್ಲಿಗೇ ಮುಗೀತು."

"ಮುಗಿಯೋದು ನನ್ನ ಅಂಗಡಿ."

ಅದು ಸತ್ಯವೇ ಆಗಿತ್ತು. ಇಪ್ಪತ್ತಾರು ವರ್ಷಗಳಿಂದ ಅವಳು ಮರದ ಚದುರಂಗದ ಕಾಯಿಗಳನ್ನು ರಿಪೇರಿ ಮಾಡುತ್ತಿದ್ದಾಳೆ. ಕಿವಿ ಮುರಿದ ಕುದುರೆ, ಗೋಪುರ ಹಾರಿದ ಆನೆ, ತಳ ಸೀಳಿದ ಕಾಲಾಳು ಎಲ್ಲವೂ ಅವಳ ಮೇಜಿಗೆ ಬರುತ್ತವೆ. ಸೊಂಟದ ಚೀಲದಲ್ಲಿ ಯಾವಾಗಲೂ ನಾಲ್ಕು ಉಳಿ ಇರುವುದರಿಂದ ಅವಳಿಗೆ ಆ ಹೆಸರು. ಅಜ್ಜನ ಕಾಲದ ಪೆಟ್ಟಿಗೆಯನ್ನು ಜನ ರಸೀದಿಯನ್ನೂ ಕೇಳದೆ ಅವಳ ಕೈಗೆ ಇಟ್ಟು ಹೋಗುತ್ತಿದ್ದರು. ಈ ಕಾಗದಕ್ಕೆ ಸಹಿ ಬಿದ್ದರೆ ಈ ಜನ್ಮದಲ್ಲಿ ಒಬ್ಬರೂ ಒಂದು ಕಾಲಾಳನ್ನೂ ಕೊಡುವುದಿಲ್ಲ.

ಕೋಣೆಯಲ್ಲಿ ಇನ್ನೊಬ್ಬಳಿದ್ದಳು. ಡಾಕ್ಟರ ಒಬ್ಬಳೇ ಮಗಳು, ಪೆಟ್ಟಿಗೆಯನ್ನು ಹರಾಜಿಗೆ ತಂದವಳು. ಶಾಲೆಯಲ್ಲಿ ಗಣಿತ ಹೇಳಿಕೊಡುವವಳಾದ್ದರಿಂದ ಎಲ್ಲರಿಗೂ ಟೀಚರ್. ಬಂದಾಗಿನಿಂದ ಬೆನ್ನು ನೆಟ್ಟಗೆ ಮಾಡಿಕೊಂಡು, ಮಡಿಲಲ್ಲಿ ಚೀಲ ಇಟ್ಟುಕೊಂಡು, ಇಬ್ಬರ ಮುಖವನ್ನೂ ನೋಡುತ್ತ ಕೂತಿದ್ದಳು.

"ಟೀಚರ್, ಪೆಟ್ಟಿಗೆ ನಿಮ್ಮದು," ಅಂದಳು ಉಳಿಯಕ್ಕ. "ಮೂರು ದಿನದಿಂದ ಇವರು ಗಾಜಿನ ಬೀರುವಿನೊಳಗಿಟ್ಟು ದೂರದಿಂದ ತೋರಿಸ್ತಿದ್ದಾರೆ. ಕೈಗೆ ಕೊಡೋಕೆ ಹೇಳಿ. ಮುಟ್ಟದೆ ಹೇಳೋ ವಿದ್ಯೆ ನಂಗೆ ಗೊತ್ತಿಲ್ಲ."

"ಕೊಡಿ," ಅಂದಳು ಟೀಚರ್.

ಭೂತಗನ್ನಡಿ ಮೂಗು ಮುರಿದ. ಆದರೂ ಬೀರುವಿನ ಬಾಗಿಲು ತೆಗೆದ.

ಮೂವತ್ತೆರಡು ಕಾಯಿಗಳು ಹಸಿರು ಬಟ್ಟೆಯ ಮೇಲೆ ಬಂದು ನಿಂತವು. ಒಂದು ಪಡೆ ಹಳದಿ ಮರದ್ದು, ಇನ್ನೊಂದು ಬೀಟೆಯಂತೆ ಕಾಣುವ ಕಪ್ಪು ಮರದ್ದು. ತೆಳ್ಳನೆಯ ಸೊಂಟ, ಉದ್ದ ಕುತ್ತಿಗೆ, ಅಗಲವಾದ ತಳ. ಫ್ರಾನ್ಸಿನ ಹಳೆಯ ಕಾಫಿ ಅಂಗಡಿಗಳಲ್ಲಿ ಜನ ಕೂತು ಆಡುತ್ತಿದ್ದ ಬಗೆಯ ಕಾಯಿಗಳು. ನೋಡುವುದಕ್ಕೆ ಅಷ್ಟೂ ಚೆಂದ. ನಕಲಿಯಾದರೂ ಮಾಡಿದವನಿಗೆ ಕಣ್ಣಿದೆ ಎಂದು ಉಳಿಯಕ್ಕ ಮನಸ್ಸಿನಲ್ಲೇ ಒಪ್ಪಿಕೊಂಡಳು.

"ಫ್ರೆಂಚ್ ಸೆಟ್ಟು ಅಂತ ನೀವು ಹೇಗೆ ಗುರುತು ಹಿಡೀತೀರಿ ಯಜಮಾನ್ರೇ?"

"ನನಗೇ ಪರೀಕ್ಷೇನಾ?" ಆದರೂ ಗೊತ್ತಿರುವುದನ್ನು ಹೇಳದೆ ಸುಮ್ಮನಿರುವ ಗಂಡಸಲ್ಲ ಅವನು. ಬೆರಳು ಮಡಿಸಿದ. "ರಾಜನ ತಲೆ ಮೇಲೆ ಶಿಲುಬೆ ಇರಲ್ಲ, ಗುಂಡು ಇರುತ್ತೆ. ಒಂಟೆ ತಲೆಯಲ್ಲಿ ಸೀಳು ಇರಲ್ಲ. ಅವರು ಅದನ್ನ ಒಂಟೆ ಅನ್ನಲ್ಲ, ಆಸ್ಥಾನದ ಹುಚ್ಚ ಅಂತಾರೆ. ತಳದಲ್ಲಿ ಸೀಸ ತುಂಬಿರಲ್ಲ, ಕೈಗೆ ಹಗುರ."

"ಸರಿ. ಎಲ್ಲಾ ಪುಸ್ತಕದಲ್ಲಿದೆ. ನಕಲಿ ಮಾಡೋನೂ ಅದೇ ಪುಸ್ತಕ ಓದಿರ್ತಾನೆ."

ಅವಳು ಚೀಲದಿಂದ ಉಕ್ಕಿನ ಕ್ಯಾಲಿಪರ್ ತೆಗೆದಳು. ಎರಡು ದವಡೆಗಳ ನಡುವೆ ವಸ್ತು ಹಿಡಿದರೆ ಕೂದಲೆಳೆಯಷ್ಟು ವ್ಯತ್ಯಾಸವನ್ನೂ ಹೇಳಿಬಿಡುವ ಅಳತೆ ಸಾಧನ.

"ಲೇತಿನಲ್ಲಿ ಕಡೆದ ದಿನ ಎಲ್ಲಾ ಕಾಯಿ ತಳಾನೂ ಗುಂಡಗೇ ಇರುತ್ತೆ ಟೀಚರ್. ಆಮೇಲೆ ಮರ ಒಣಗ್ತಾ ಕುಗ್ಗುತ್ತೆ. ಎಲ್ಲಾ ಕಡೆ ಒಂದೇ ಸಮ ಕುಗ್ಗಲ್ಲ. ಒಂದು ದಿಕ್ಕಿಗೆ ಹೆಚ್ಚು, ಇನ್ನೊಂದು ದಿಕ್ಕಿಗೆ ಕಮ್ಮಿ. ನೂರು ವರ್ಷ ಆದ ಮೇಲೆ ಆ ಗುಂಡು ಸ್ವಲ್ಪ ಮೊಟ್ಟೆ ಆಗಿರುತ್ತೆ. ಕಣ್ಣಿಗೆ ಕಾಣಲ್ಲ. ಭೂತಗನ್ನಡಿಗೂ ಕಾಣಲ್ಲ. ಇದಕ್ಕೆ ಕಾಣುತ್ತೆ."

ಟೀಚರ್ ಚೀಲದಿಂದ ಪೆನ್ನು ತೆಗೆದಳು. ಲೆಕ್ಕದ ಮಾತು ಬಂದ ಕೂಡಲೇ ಅವಳ ಮುಖಕ್ಕೆ ಜೀವ ಬಂದಿತ್ತು.

ಉಳಿಯಕ್ಕ ಕಪ್ಪು ಆನೆಯ ತಳವನ್ನು ಅಡ್ಡ ಹಿಡಿದು ಅಳೆದಳು. ಕಾಲು ಸುತ್ತು ತಿರುಗಿಸಿ ಮತ್ತೆ ಅಳೆದಳು. ಎರಡೂ ಒಂದೇ. ಕುದುರೆ, ಒಂಟೆ, ಮಂತ್ರಿ ಎಲ್ಲವೂ ಅಪ್ಪಟ ಗುಂಡು.

"ಅದನ್ನೇ ಅಲ್ವಾ ನಾನೂ ಹೇಳಿದ್ದು?" ಭೂತಗನ್ನಡಿ ಕುರ್ಚಿಗೊರಗಿದ. "ಕಪ್ಪು ಬಣ್ಣ ಬಟ್ಟೆಗೆ ಹತ್ತಿತು. ಹೊಸದು ಅಂತ ಅವತ್ತೇ ಅಂದೆ."

ಉಳಿಯಕ್ಕ ಹಳದಿ ರಾಜನನ್ನು ಎತ್ತಿಕೊಂಡಳು.

"ಏಯ್, ಅದು ಬೇಡಮ್ಮ. ಅದು ಅಸಲಿ. ಕ್ಯಾಟಲಾಗಿನ ಮುಖಪುಟಕ್ಕೆ ಅದನ್ನೇ ಹಾಕಿದ್ದೀವಿ."

"ಅಸಲಿ ಆದ್ರೆ ಅಳೆದ ಮಾತ್ರಕ್ಕೆ ಸವೆಯಲ್ಲ."

ಒಂದು ದಿಕ್ಕಿಗೆ ಅಳೆದಳು. ಇನ್ನೊಂದು ದಿಕ್ಕಿಗೆ ಅಳೆದಳು. ಟೀಚರ್ ಬರೆದುಕೊಂಡಳು, ಎರಡು ಸಂಖ್ಯೆಗಳನ್ನೂ ನೋಡಿದಳು, ತಲೆ ಎತ್ತಿ ಭೂತಗನ್ನಡಿಯನ್ನು ನೋಡಿದಳು. ಹದಿನಾರು ಹಳದಿ ಕಾಯಿಗಳೂ ಮುಗಿಯುವ ಹೊತ್ತಿಗೆ ಯಜಮಾನನ ಮುಖ ಹುಳ್ಳಗಾಗಿತ್ತು.

"ಮೂವತ್ತೆರಡೂ ನಕಲಿ ಯಜಮಾನ್ರೇ. ಹಳದೀದಕ್ಕೆ ಟೀ ಡಿಕಾಕ್ಷನ್ ಬಳಿದು ಹಳೇದು ಮಾಡಿದ್ದಾರೆ. ಮೂಸಿ ನೋಡಿ ಬೇಕಾದ್ರೆ. ನಿಮ್ಮ ಕನ್ನಡಿ ಅರ್ಧವೇ ತೋರಿಸಿದೆ."

ಆದರೆ ಭೂತಗನ್ನಡಿ ಮೂವತ್ತು ವರ್ಷ ಹರಾಜು ಕೂಗಿದವನು. ಬಿದ್ದರೂ ಮೇಲೆದ್ದು ಕೂಗುವುದು ಅವನಿಗೆ ಅಭ್ಯಾಸವಾಗಿಬಿಟ್ಟಿದೆ. ಮೇಜಿಗೆ ಅಂಗೈಯಿಂದ ಹೊಡೆದ.

"ಹಾಗಾದ್ರೆ ಇನ್ನೂ ಒಳ್ಳೇದೇ ಆಯ್ತು! ಹದಿನಾರಲ್ಲ, ಮೂವತ್ತೆರಡೂ ಬದಲಾಯಿಸಿದ್ದೀರಿ. ನಿಮ್ಮ ಬಾಯಿಂದಲೇ ಬಂತಲ್ಲ! ಪೆಟ್ಟಿಗೆ ನಿಮ್ಮ ಅಂಗಡಿಯಲ್ಲಿ ಎರಡು ವಾರ ಇತ್ತು. ಈ ಊರಲ್ಲಿ ಇಂಥ ಕೆಲಸ ಬರೋದು ನಿಮ್ಮೊಬ್ಬರಿಗೇ. ಇನ್ನೇನು ಸಾಕ್ಷಿ ಬೇಕು?"

"ಬೇಕು. ಅದನ್ನೇ ತರಿಸಿದ್ದೀನಿ. ಟೀಚರ್, ಸಿಕ್ತಾ?"

"ಸಿಕ್ತು," ಅಂದಳು ಟೀಚರ್. "ನೀವು ನಿನ್ನೆ ಫೋನಲ್ಲಿ ಹೇಳಿದ ಮೇಲೆ ಕ್ಲಿನಿಕ್ಕಿನ ಬೀರು ಪೂರ್ತಿ ಹುಡುಕಿದೆ. ಕೆಳಗಿನ ಖಾನೆಯಲ್ಲಿತ್ತು."

ಹಲ್ಲಿನ ಡಾಕ್ಟರಿಗೆ ಒಂದು ಹುಚ್ಚಿತ್ತು. ಕ್ಲಿನಿಕ್ಕಿನ ಎಕ್ಸ್‌ರೇ ಯಂತ್ರದ ಎದುರು ಸಿಕ್ಕಿದ್ದನ್ನೆಲ್ಲ ಹಿಡಿಯುತ್ತಿದ್ದರು. ಕೈಗಡಿಯಾರ, ಮಗಳ ಪೆನ್ನು, ಮನೆಯ ಬೀಗ. ಅಂಥವರು ತಮ್ಮ ಪ್ರಾಣವಾಗಿದ್ದ ಚದುರಂಗದ ಕುದುರೆಯನ್ನು ಬಿಡುತ್ತಾರೆಯೇ? ರಿಪೇರಿಯಾಗಿ ಮನೆಗೆ ಬಂದ ನಾಲ್ಕನೆಯ ದಿನ ಅದನ್ನೂ ರೋಗಿಯ ಕುರ್ಚಿಯಲ್ಲಿ ಕೂರಿಸಿದ್ದರು. ಆಮೇಲೆ ಉಳಿಯಕ್ಕನಿಗೆ ಫೋನ್ ಮಾಡಿ, "ನಿಮ್ಮ ಮರದ ಮೊಳೆ ನಾನು ಕೂರಿಸಿದ ಹಲ್ಲಿಗಿಂತ ಭದ್ರವಾಗಿದೆ ಕಣಮ್ಮ" ಎಂದು ಗಹಗಹಿಸಿ ನಕ್ಕಿದ್ದರು.

ಟೀಚರ್ ಕಂದು ಬಣ್ಣದ ಲಕೋಟೆಯಿಂದ ಅಂಗೈಯಗಲದ ಫಿಲ್ಮ್ ತೆಗೆದು ಕಿಟಕಿಯ ಬೆಳಕಿಗೆ ಹಿಡಿದಳು. ಲಕೋಟೆಯ ಮೇಲೆ ರೋಗಿಯ ವಿವರವನ್ನು ಡಾಕ್ಟರೇ ಬರೆದಿದ್ದರು. ಹೆಸರು: ಕಪ್ಪು ಕುದುರೆ. ವಯಸ್ಸು: ನೂರೈವತ್ತು. ತೊಂದರೆ: ಕುತ್ತಿಗೆ ನೋವು.

ಓದುವಾಗ ಟೀಚರಿಗೆ ನಗು ಬಂತು. ನಗುತ್ತಲೇ ಕಣ್ಣು ತುಂಬಿಕೊಂಡವು. ಅಪ್ಪ ಸತ್ತು ಐದು ವಾರವಾಗಿತ್ತು.

"ತಾರೀಕು ನೋಡಿ," ಅಂದಳು ಉಳಿಯಕ್ಕ. "ಮೂರು ತಿಂಗಳ ಹಿಂದಿನ ಹನ್ನೆರಡು. ನಾನು ವಾಪಸ್ ಕೊಟ್ಟು ರಸೀದಿ ಬರೆಸಿಕೊಂಡಿದ್ದು ಅದೇ ತಿಂಗಳು ಎಂಟಕ್ಕೆ. ರಸೀದಿ ಇಲ್ಲಿದೆ. ಫಿಲ್ಮಿನಲ್ಲಿ ಕುತ್ತಿಗೆ ಒಳಗೆ ಏನಿದೆ?"

"ಓರೆಯಾಗಿ ಒಂದು ಮಸುಕು ಕಡ್ಡಿ."

"ಅದು ನನ್ನ ಮರದ ಮೊಳೆ. ಫ್ರೆಂಚ್ ಕುದುರೆಗೆ ತಲೆ ಬೇರೆ ಕೆತ್ತಿ, ಪಾದ ಬೇರೆ ಕಡೆದು ಕೂರಿಸಿರ್ತಾರೆ. ತಲೆ ಅಲ್ಲಾಡ್ತಿತ್ತು. ನಾನು ಮರದ ಮೊಳೆ ಹೊಡೆದು ಸರೇಸಿನ ಅಂಟು ಹಾಕಿ ಕೂರಿಸಿದೆ. ಹಳೇ ಮರಕ್ಕೆ ಕಬ್ಬಿಣ ಮುಟ್ಟಿಸೋದು ನಮ್ಮ ಮನೆಯಲ್ಲಿ ಇಲ್ಲ." ಅವಳು ನಕಲಿ ಕಪ್ಪು ಕುದುರೆಯನ್ನು ಎಡಗೈಯಲ್ಲಿ ಎತ್ತಿ ಹಿಡಿದಳು. ಬಲಗೈ ಆಗಲೇ ಚೀಲದೊಳಗೆ ಹೋಗಿತ್ತು. "ಇದರ ಕುತ್ತಿಗೇಲಿ ಏನಿದೆ ಅಂತ ಈಗ ನೋಡೋಣ."

"ಒಡೀಬೇಡಿ!" ಭೂತಗನ್ನಡಿ ಎದ್ದು ನಿಂತ. "ಹರಾಜು ಮನೆಯ ಸಾಮಾನು ಅದು!"

"ನಕಲಿ ಅಂದಿದ್ದು ನೀವೇ ತಾನೇ? ನಕಲಿ ಒಡೆದ್ರೆ ನಿಮಗ್ಯಾಕೆ ಸಂಕಟ?"

ಉಳಿಯಕ್ಕ ಟೀಚರ್ ಕಡೆ ತಿರುಗಿದಳು.

"ಒಡೀರಿ," ಅಂದಳು ಟೀಚರ್.

ಉಳಿಯ ಬಾಯಿಯನ್ನು ಕುತ್ತಿಗೆಯ ಕೂಡುಗೆರೆಗೆ ಇಟ್ಟು, ಹಿಡಿಕೆಯ ಮೇಲೆ ಅಂಗೈಯಿಂದ ಒಂದೇ ಏಟು. ಚಟ್ ಎಂದು ಸದ್ದಾಯಿತು. ತಲೆ ಒಂದು ಕಡೆ ಉರುಳಿತು. ಪಾದದ ನಡುವಿನಿಂದ ಹೊಸ ಕಬ್ಬಿಣದ ಸ್ಕ್ರೂ ಫಳಫಳ ಹೊಳೆಯುತ್ತ ನಿಂತಿತ್ತು.

"ಇದನ್ನ ಎಕ್ಸ್‌ರೇ ತೆಗೆದಿದ್ರೆ ಕಬ್ಬಿಣ ಬೆಳ್ಳಗೆ ಹೊಳೀಬೇಕಿತ್ತು. ಹನ್ನೆರಡನೇ ತಾರೀಕು ಡಾಕ್ಟರ ಕೈಲಿದ್ದದ್ದು ಇದಲ್ಲ. ನಾನು ಕೊಟ್ಟ ಅಸಲಿ ಕುದುರೆ, ನಾನು ಕೊಟ್ಟ ಹಾಗೇ, ಅವರ ಮನೆಯಲ್ಲಿತ್ತು. ಬದಲಾಗಿದ್ದು ಆಮೇಲೆ." ಅವಳು ಕ್ಷಮಾಪಣೆಯ ಕಾಗದವನ್ನು ಎಳೆದುಕೊಂಡು, ಮಗುಚಿ, ಖಾಲಿ ಬೆನ್ನನ್ನು ಯಜಮಾನನ ಮುಂದೆ ಇಟ್ಟಳು. ಅವನದೇ ಪೆನ್ನನ್ನು ಅದರ ಮೇಲೆ ಇಟ್ಟಳು. "ಈಗ ನೀವು ಬರೀರಿ. ಅಚಾತುರ್ಯದಿಂದ ಒಬ್ಬ ಹೆಂಗಸಿನ ಹೆಸರು ಕೆಡಿಸಿದೆ ಅಂತ ಬರೀರಿ. ಕಳ್ಳತನ ಅಂತ ಬರೀಬೇಕಾಗಿಲ್ಲ. ನಿಮ್ಮ ಒಳ್ಳೇದಕ್ಕೇ ಹೇಳ್ತಿದ್ದೀನಿ."

ಭೂತಗನ್ನಡಿ ಇಂಗು ತಿಂದ ಮಂಗನ ಹಾಗೆ ಕಾಗದ ನೋಡುತ್ತ ಕೂತ. ಮೂರು ದಿನದಿಂದ ಸರಿಯಾಗಿ ನಿದ್ದೆ ಮಾಡದ ಉಳಿಯಕ್ಕನಿಗೆ ಆ ಕ್ಷಣದಲ್ಲಿ ಎಷ್ಟು ಹಿತವಾಯಿತು ಎಂದರೆ, ಅವನ ಕಪ್ಪಿನಲ್ಲಿ ಆರಿಹೋದ ಟೀಯನ್ನೇ ಎತ್ತಿ ಕುಡಿದುಬಿಡೋಣ ಅನ್ನಿಸಿತು.

ಅಷ್ಟರಲ್ಲಿ ಟೀಚರ್ ಮಾತಾಡಿದಳು.

"ಹಾಗಾದ್ರೆ ನಮ್ಮ ಮನೆಯೊಳಗೇ ಬದಲಾಗಿದೆ."

"ಹೌದು."

"ಅಪ್ಪ ಬದುಕಿದ್ದಾಗ ಆಗಿದ್ರೆ, ಅವರಿಗೆ ಒಂದು ದಿನದಲ್ಲಿ ಗೊತ್ತಾಗ್ತಿತ್ತು. ಗೊತ್ತಾಗಿದ್ರೆ ಸುಮ್ಮನೆ ಬಿಡ್ತಿರಲಿಲ್ಲ." ಅವಳ ದನಿ ಸಣ್ಣಗಾಯಿತು. "ಮೆಟ್ಟಿಲಲ್ಲಿ ಕಾಲು ಜಾರಿ ಬಿದ್ರು ಅಂತ ಪೊಲೀಸರು ಬರೆದುಕೊಂಡಿದ್ದಾರೆ. ನಲವತ್ತು ವರ್ಷ ಹತ್ತಿ ಇಳಿದ ಮೆಟ್ಟಿಲು ಉಳಿಯಕ್ಕ. ಕತ್ತಲಲ್ಲೂ ಇಳೀತಿದ್ರು. ಇದನ್ನ ಮಾಡಿದೋನು ಯಾರು, ಹೇಗೆ ಹುಡುಕೋದು?"

"ಪಾದಗಳನ್ನ ಯಾರು ಬೇಕಾದ್ರೂ ಕಡೀಬಹುದು. ಯಂತ್ರಕ್ಕೆ ಅಳತೆ ಕೊಟ್ರೆ ಸಾಕು. ಕುದುರೆ ತಲೆ ಹಾಗಲ್ಲ. ಅದಕ್ಕೆ ಮನುಷ್ಯನ ಕೈಯೇ ಬೇಕು. ಒಬ್ಬೊಬ್ಬರ ಕೈ ಒಂದೊಂದು ಥರ. ತಲೆ ಕೆತ್ತಿದವರು ಸಿಕ್ಕಿದ್ರೆ ಮಾಡಿಸಿದವನೂ ಸಿಗ್ತಾನೆ. ಇರಿ, ನೋಡೋಣ."

ಇಷ್ಟು ಹೊತ್ತೂ ಅವಳ ಗಮನವೆಲ್ಲ ತಳಗಳ ಮೇಲಿತ್ತು. ಈಗ ಮೊದಲ ಸಲ ಕುದುರೆಯ ಮುಖ ನೋಡಿದಳು. ಕೇಳದೆಯೇ ಯಜಮಾನನ ಕುತ್ತಿಗೆಯ ಕಡೆ ಕೈ ಚಾಚಿದಳು. ಅವನೂ ಮರುಮಾತಾಡದೆ ದಾರ ಬಿಚ್ಚಿ ಭೂತಗನ್ನಡಿ ಕೊಟ್ಟ.

ಕುತ್ತಿಗೆಯ ಜೂಲು ಚೆನ್ನಾಗಿದೆ. ದವಡೆ ಚೆನ್ನಾಗಿದೆ. ಕಿವಿ.

ಕಿವಿಯ ಗುಳಿಯಲ್ಲಿ ಮೂರು ಗೀರುಗಳಿದ್ದವು.

ಕನ್ನಡಿಯನ್ನು ಒರೆಸಿಕೊಂಡು ಮತ್ತೆ ನೋಡಿದಳು. ಕುದುರೆಯ ಕಿವಿಗೆ ಎಲ್ಲರೂ ಹಾಕುವುದು ಎರಡೇ ಗೀರು, ಮೇಲಿನಿಂದ ಕೆಳಕ್ಕೆ. ಇದರಲ್ಲಿ ಮೂರನೆಯದೊಂದಿತ್ತು, ಕೆಳಗಿನಿಂದ ಚಕ್ಕನೆ ಮೇಲಕ್ಕೆ ಎಳೆದದ್ದು. ಚಾಕುವನ್ನು ತಿರುವಿ ಹಿಡಿದರೆ ಮಾತ್ರ ಬರುವ ಗೀರು. ಅದನ್ನು ಕಲಿಯಲು ಉಳಿಯಕ್ಕ ಮದುವೆಯಾದ ಹೊಸದರಲ್ಲಿ ಎರಡು ವರ್ಷ ಹೆಣಗಾಡಿ, ಎರಡು ಸಲ ಬೆರಳು ಕೊಯ್ದುಕೊಂಡು, ಕೊನೆಗೆ ಕೈಬಿಟ್ಟಿದ್ದಳು. "ಎರಡು ಹಾಕಿದ್ರೆ ಅದು ಕಿವಿ. ಮೂರು ಹಾಕಿದ್ರೆ ಕೇಳೋ ಕಿವಿ" ಎಂದು ಹೇಳಿಕೊಟ್ಟವರ ಕೈಗೆ ಮಾತ್ರ ಅದು ಒಲಿದಿತ್ತು.

ಇದು ಅವಳ ಅತ್ತೆಯ ಕೈ.

ಕಣ್ಣು ಹೋಗಿ ನಾಲ್ಕು ವರ್ಷವಾದ, ಚಾಕು ಮುಟ್ಟಿ ನಾಲ್ಕು ವರ್ಷವಾಯಿತು ಎಂದು ತಾನು ನಂಬಿಕೊಂಡಿದ್ದ, ಈ ಹೊತ್ತಿನಲ್ಲಿ ಮನೆಯ ಕಿಟಕಿಯ ಪಕ್ಕ ಕೂತು ರೇಡಿಯೋ ಕೇಳುತ್ತಿರುವ ಅತ್ತೆ!

"ಏನಾಯ್ತು?" ಟೀಚರ್ ಕೇಳಿದಳು.

ಉಳಿಯಕ್ಕ ಕುದುರೆಯ ತಲೆಯನ್ನು ಮೇಜಿನ ಮೇಲೆ ಬೋರಲು ಹಾಕಿದಳು. ಭೂತಗನ್ನಡಿಗೆ ಅಷ್ಟೇ ಸಾಕಾಯಿತು. "ಯಾಕಮ್ಮ, ಇಷ್ಟೊತ್ತು ಪಟಪಟ ಅಂತಿದ್ದ ಬಾಯಿಗೆ ಬೀಗ ಬಿತ್ತು? ಗುರುತು ಸಿಗಲಿಲ್ವಾ, ಸಿಕ್ಕಿದ್ದಕ್ಕೇ ಹೀಗಾಯ್ತಾ?"

ಗೊತ್ತಿಲ್ಲ ಅಂದುಬಿಡಬಹುದಿತ್ತು. ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಸುಳ್ಳಿನ ಕಾಗದಕ್ಕೆ ಸಹಿ ಹಾಕಲ್ಲ ಎಂದು ಬೆಳಿಗ್ಗೆಯಿಂದ ಗಂಟಲು ಹರಿದುಕೊಂಡ ಬಾಯಿಂದ ಆ ಎರಡನೆಯ ಸುಳ್ಳು ಹೊರಡಲಿಲ್ಲ.

"ಸಿಕ್ತು," ಅಂದಳು. "ಯಾರ ಕೈ ಅಂತ ಗೊತ್ತು. ಇವತ್ತು ಹೇಳಲ್ಲ."

"ಉಳಿಯಕ್ಕ!"

"ಬೈಯಬೇಕು ಅಂದ್ರೆ ಬೈಯಿರಿ ಟೀಚರ್. ಗೊತ್ತಿಲ್ಲ ಅಂತ ನಿಮ್ಮ ಕಣ್ಣಿಗೆ ಮಣ್ಣೆರಚಲ್ಲ. ಆದ್ರೆ ಇವತ್ತು ಹೇಳಲ್ಲ."

ಟೀಚರ್ ಫಿಲ್ಮನ್ನು ಲಕೋಟೆಗೆ ಹಾಕಿ, ಚೀಲದ ಜಿಪ್ ಎಳೆದು, ಎದ್ದು ನಿಂತಳು.

"ನಾಳೆ ಬೆಳಿಗ್ಗೆ ಹತ್ತು ಗಂಟೆಗೆ ನಾನು ಪೊಲೀಸ್ ಠಾಣೆಯಲ್ಲಿರ್ತೀನಿ. ಬಂದು ಹೆಸರು ಹೇಳಿ. ಬರಲಿಲ್ಲ ಅಂದ್ರೆ ಕೆತ್ತಿದವರ ಗುರುತು ಗೊತ್ತಿದ್ದೂ ಮುಚ್ಚಿಟ್ಟೋರು ನೀವು ಅಂತ ನಿಮ್ಮ ಹೆಸರನ್ನೇ ಕೊಡ್ತೀನಿ. ನೀವು ಅಂದ್ರೆ ನಂಗೆ ಇಷ್ಟ. ಆದ್ರೆ ಸತ್ತಿರೋದು ನಮ್ಮಪ್ಪ."

"ಈ ತಲೆ ಒಂದು ನನ್ನ ಹತ್ತಿರ ಇರಲಿ."

ಟೀಚರ್ ಆಗಲಿ ಎಂದು ತಲೆಯಾಡಿಸಿದಳು.

*

ಬಜಾರಿನ ಹಿಂದಿನ ಮೂರನೆಯ ಓಣಿ, ಎರಡನೆಯ ಮಹಡಿ. ಮಧ್ಯಾಹ್ನದ ಬಿಸಿಲು ಕಿಟಕಿಯಿಂದ ಒಳಗೆ ಬಂದು ಅತ್ತೆಯ ಮಡಿಲಲ್ಲಿ ಬಿದ್ದಿತ್ತು. ಈ ಮನೆಯಲ್ಲಿ ಈಗ ಇರುವುದು ಅತ್ತೆ ಸೊಸೆ ಇಬ್ಬರೇ. ಉಳಿಯಕ್ಕನ ಗಂಡ ಒಂಬತ್ತು ವರ್ಷಗಳ ಹಿಂದೆ ಒಂದು ಸೂಟ್‌ಕೇಸ್ ಹಿಡಿದು ಇಳಿದು ಹೋದವನು, ಒಂದು ಸಾಲು ಕಾಗದವನ್ನೂ ಬರೆದಿಲ್ಲ. ಸೊಸೆ ಅತ್ತು ಮುಗಿಸಿ ಎಂದಿನಂತೆ ಅಂಗಡಿ ಬಾಗಿಲು ತೆರೆದಳು. ಅತ್ತೆ ಒಂದು ದಿನವೂ ಅಳಲಿಲ್ಲ, ಒಂದು ದಿನವೂ ಅವನ ಹೆಸರೆತ್ತಲಿಲ್ಲ.

"ಇಷ್ಟು ಬೇಗ ಬಂದೆಯಲ್ಲೇ?" ಅಂದರು ಅತ್ತೆ. ಹೆಜ್ಜೆಯ ಸದ್ದಿನಲ್ಲೇ ಅವರಿಗೆ ಎಲ್ಲ ತಿಳಿಯುತ್ತದೆ. "ಸಹಿ ಹಾಕಿದ್ಯಾ?"

"ಇಲ್ಲ."

"ಭಲೇ."

ಉಳಿಯಕ್ಕ ರೇಡಿಯೋ ಆರಿಸಿದಳು. "ಅತ್ತೆ, ಕೈ ಚಾಚಿ."

ಅತ್ತೆ ಅಂಗೈ ಚಾಚಿದರು. ಉಳಿಯಕ್ಕ ಕುದುರೆಯ ತಲೆಯನ್ನು ಅದರ ಮೇಲಿಟ್ಟಳು. ಮುದಿ ಬೆರಳುಗಳು ಮುಚ್ಚಿಕೊಂಡವು. ಹೆಬ್ಬೆರಳು ನೇರ ಕಿವಿಯ ಗುಳಿಗೆ ಹೋಯಿತು. ಆಮೇಲೆ ಕುತ್ತಿಗೆಗೆ ಇಳಿದು, ಒಡೆದ ಜಾಗದ ಮೇಲೆ ನಿಂತಿತು.

"ಒಡೆದುಬಿಟ್ಟೆಯಲ್ಲೇ," ಅಂದರು ಅತ್ತೆ. "ಎಷ್ಟು ಕಷ್ಟಪಟ್ಟು ಕೆತ್ತಿದ್ದೆ."

ಇಲ್ಲ ಅನ್ನುತ್ತಾರೆ, ಅಳುತ್ತಾರೆ, ಏನೋ ಒಂದು ನೆಪ ಹೇಳುತ್ತಾರೆ ಎಂದು ದಾರಿಯುದ್ದಕ್ಕೂ ಎಣಿಸಿಕೊಂಡು ಬಂದಿದ್ದ ಉಳಿಯಕ್ಕನಿಗೆ ಮೈಯೆಲ್ಲ ಉರಿಯಿತು.

"ಕಣ್ಣು ಕಾಣಲ್ಲ ಅಂತ ನಾಲ್ಕು ವರ್ಷದಿಂದ ತಟ್ಟೆ ತಂದು ಕೈಗೆ ಕೊಡ್ತಿದ್ದೀನಿ! ಚಾಕು ಹಿಡಿಯೋಕಾಗಲ್ಲ ಅಂತ ನಂಬಿದ್ದೆ!"

"ಕಣ್ಣು ಕಾಣಲ್ಲ ಅನ್ನೋದು ನಿಜ. ಕೆತ್ತೋಕೆ ಕಣ್ಣು ಯಾಕೆ ಬೇಕು? ನಿನ್ನಂಥೋರಿಗೆ ಬೇಕು."

"ತಮಾಷೆ ಮಾಡ್ಬೇಡಿ ಅತ್ತೆ. ನನ್ನ ಹೆಸರು ಬೀದಿಗೆ ಬಿದ್ದಿದೆ. ನಾಳೆ ಠಾಣೆಗೆ ಹೋಗ್ಬೇಕು. ಯಾರು ಮಾಡಿಸಿದ್ದು?"

"ಒಬ್ಬ ಗಿರಾಕಿ. ನೀನು ಅಂಗಡಿಗೆ ಹೋದ ಮೇಲೆ ಬಂದ. ಗಂಟಲು ಕಟ್ಟಿದೋನ ಹಾಗೆ ಪಿಸುಪಿಸು ಅಂತ ಮಾತಾಡ್ತಿದ್ದ. ನಿನ್ನ ಅಂಗಡಿಯಿಂದಲೇ ಕಳಿಸಿದ್ದಾರೆ ಅಂದ. ಮಾದರಿಗೆ ಅಂತ ಒಂದು ಗಳಿಗೆ ಕುದುರೆ ಕೈಲಿಟ್ಟ. ಸವರಿ ನೋಡಿದೆ. ತಳ ಮೊಟ್ಟೆ ಆಗಿತ್ತು. ಕುತ್ತಿಗೇಲಿ ನಿನ್ನ ಜೋಡಣೆ ಸಿಕ್ತು."

"ಅಸಲಿ ಅಂತ ಗೊತ್ತಾಯ್ತು. ಡಾಕ್ಟರದ್ದು ಅಂತ ಗೊತ್ತಾಯ್ತು. ಆದ್ರೂ ಕೆತ್ತಿದ್ರಿ. ನಂಗೊಂದು ಮಾತು ಹೇಳಲಿಲ್ಲ!"

"ಕುದುರೆ ಇಡೋವಾಗ ಅವನ ಕೈ ನನ್ನ ಕೈಗೆ ತಗುಲ್ತು ಕಣೇ."

ಅತ್ತೆ ಕುದುರೆಯ ತಲೆಯನ್ನು ಮಡಿಲಲ್ಲಿಟ್ಟುಕೊಂಡು, ಎರಡೂ ಕೈಯಿಂದ ಮುಚ್ಚಿದರು.

"ಎಡಗೈ ಕಿರುಬೆರಳು ಸೊಟ್ಟ. ಏಳನೇ ವಯಸ್ಸಲ್ಲಿ ಲೇತಿಗೆ ಸಿಕ್ಕಿಸಿಕೊಂಡಿದ್ದ. ಸೆರಗು ಹರಿದು ಸುತ್ತಿ ಎತ್ಕೊಂಡು ಆಸ್ಪತ್ರೆಗೆ ಓಡಿದೋಳು ನಾನು. ದನಿ ಬದಲಾಯಿಸಿದ್ರೆ ಆಯ್ತಾ? ಆ ಬೆರಳನ್ನ ಎಲ್ಲಿಗೆ ಬಚ್ಚಿಡ್ತಾನೆ?"

ಉಳಿಯಕ್ಕ ಕುರ್ಚಿ ಹುಡುಕದೆ ನೆಲದ ಮೇಲೆಯೇ ಕೂತಳು. ಆ ಬೆರಳು ಅವಳಿಗೂ ಗೊತ್ತು. ಮದುವೆಯ ದಿನ ಮೊದಲು ಕಂಡದ್ದೇ ಅದನ್ನು.

"ಒಂಬತ್ತು ವರ್ಷ," ಅಂದಳು. "ಈ ಮನೆಗೆ ಬಂದು, ಇಲ್ಲೇ ಕೂತು ಹೋದ್ರಾ?"

"ಇಲ್ಲೇ, ನೀನು ಕೂತಿರೋ ಜಾಗದಲ್ಲೇ. ಗುರುವಾರ ಗುರುವಾರ ಬರ್ತಿದ್ದ. ನಂಗೆ ಗೊತ್ತಾಗಿದೆ ಅಂತ ಅವನಿಗೆ ಗೊತ್ತಿಲ್ಲ. ಗೊತ್ತಾದ್ರೆ ಮತ್ತೆ ಓಡಿಹೋಗ್ತಾನೆ. ಕೆತ್ತಿ ಮುಗಿಸಿದ್ರೂ ಬರೋದು ನಿಲ್ಲಿಸ್ತಾನೆ. ಅದಕ್ಕೇ ನಾಲ್ಕು ತಲೆಗೆ ಐವತ್ತು ದಿನ ಎಳೆದೆ. ಬಂದಾಗೆಲ್ಲ ಒಂದು ಲೋಟ ನೀರು ಕುಡೀತಿದ್ದ. ಕುಡಿಯೋ ಸದ್ದು ಕೇಳ್ತಾ ಕೂತಿರ್ತಿದ್ದೆ."

ಉಳಿಯಕ್ಕನಿಗೆ ಅಳು ಬಂತು, ಅಳುವಿಗಿಂತ ಮುಂಚೆ ಸಿಟ್ಟು ಬಂತು. "ನೀವು ಅವರ ಗುಟುಕು ಎಣಿಸ್ತಾ ಕೂತ್ರಿ. ಅಲ್ಲಿ ನನ್ನ ಇಪ್ಪತ್ತಾರು ವರ್ಷ ಮಣ್ಣುಪಾಲಾಯ್ತು. ಡಾಕ್ಟರ್ ಸತ್ತೇಹೋದ್ರು. ಅದೂ ಗುರುವಾರವೇ ಅಲ್ವಾ ಅತ್ತೆ?"

ಅತ್ತೆಯ ಹೆಬ್ಬೆರಳು ಮತ್ತೆ ಕುದುರೆಯ ಕಿವಿಯ ಗುಳಿಗೆ ಹೋಯಿತು.

"ಆ ಗುರುವಾರ ಬರ್ತೀನಿ ಅಂದಿದ್ದ," ಅಂದರು. "ಬರಲಿಲ್ಲ. ಎರಡು ವಾರ ಬಿಟ್ಟು ಬಂದಾಗ ನೀರು ಕೇಳಲಿಲ್ಲ."

ಕೆಳಗೆ ಓಣಿಯಲ್ಲಿ ಯಾರೋ ಸೈಕಲ್ ಬೆಲ್ ಹೊಡೆದುಕೊಂಡು ಹೋದರು.

"ಅಳಬೇಡ," ಅಂದರು ಅತ್ತೆ, ದನಿ ಗಟ್ಟಿ ಮಾಡಿಕೊಂಡು. "ನಾನು ತಪ್ಪು ಮಾಡಿದೆ. ಮಾಡಿದ್ದು ಗೊತ್ತಿದ್ದೇ ಮಾಡಿದೆ. ನಾಳೆ ಠಾಣೆಯಲ್ಲಿ ನನ್ನ ಹೆಸರು ಹೇಳು. ಎಂಬತ್ತು ದಾಟಿದೋಳನ್ನ ಯಾರು ಏನು ಮಾಡ್ತಾರೆ ನೋಡೇಬಿಡ್ತೀನಿ. ಕೈಗೆ ಬೇಡಿ ಹಾಕಿದ್ರೂ ಹೆದರಲ್ಲ."

"ಮಾಡಿಸಿದೋರು ಯಾರು ಅಂತ ಕೇಳ್ತಾರೆ. ಅದಕ್ಕೇನು ಹೇಳಲಿ? ಅವರ ಹೆಸರನ್ನೂ ಹೇಳಲಾ?"

ಅತ್ತೆ ಎದ್ದರು. ಗೋಡೆ ಹಿಡಿಯದೆ, ನಾಲ್ಕೇ ಹೆಜ್ಜೆಯಲ್ಲಿ ಮಂಚದ ಬಳಿ ಹೋಗಿ, ಹಾಸಿಗೆಯ ಕೆಳಗೆ ಕೈ ತೂರಿಸಿದರು. ಹಳೆಯ ಕರವಸ್ತ್ರದ ಗಂಟೊಂದು ಹೊರಬಂತು. ಅದನ್ನು ಬಿಚ್ಚಿ ಸೊಸೆಯ ಕೈಗೆ ಇಟ್ಟರು.

ಇನ್ನೊಂದು ಕುದುರೆಯ ತಲೆ. ಹೊಸ ಮರ, ಇನ್ನೂ ಬಣ್ಣ ಕಂಡಿಲ್ಲ. ಕಿವಿಯಲ್ಲಿ ಮೂರು ಗೀರು.

"ಐದನೇದು," ಅಂದರು ಅತ್ತೆ. "ಇನ್ನೊಂದು ಪೆಟ್ಟಿಗೆ ಮಾಡಿಸ್ತಿದ್ದಾನೆ. ಅದಕ್ಕೂ ನಾಲ್ಕು ತಲೆ ಬೇಕಂತೆ. ಮೊದಲನೇದನ್ನ ತಗೊಂಡು ಹೋಗೋಕೆ ನಾಳೆ ಬರ್ತಾನೆ. ನಾಳೆ ಗುರುವಾರ. ಏನು ಹೇಳಬೇಕು ಅಂತ ನನ್ನನ್ನ ಕೇಳಬೇಡ, ಅವನನ್ನೇ ಎದುರಿಗೆ ನಿಲ್ಲಿಸಿಕೊಂಡು ಕೇಳು."

ಉಳಿಯಕ್ಕನ ಮುಷ್ಟಿ ಆ ತಲೆಯ ಸುತ್ತ ಬಿಗಿಯಿತು.

"ಎಷ್ಟು ಹೊತ್ತಿಗೆ ಬರ್ತಾರೆ?"

"ಯಾವಾಗಲೂ ಬರೋ ಹೊತ್ತಿಗೇ," ಅಂದರು ಅತ್ತೆ. "ಸರಿಯಾಗಿ ಹತ್ತು ಗಂಟೆಗೆ."